ಬೈಸಿಕೊಳ್ಳಲೆಂದು ಕೆಡಿಸಿದ ಉಣ್ಣೆ

ನನ್ನನ್ನು ಬೈಯುವ ಹಕ್ಕನ್ನು ಪೂರ್ತಿಯಾಗಿ ಪಡೆದಿದ್ದ ನನ್ನಕ್ಕನಿಗೆ,

ನಿನ್ನೆ ನಿನ್ನ ಅಡುಗೆಮನೆಯಲ್ಲಿ ಬೇಕೆಂದೇ ಒಂದು ಲಡಿ ಉಣ್ಣೆಯ ನೂಲು ಹಾಳುಮಾಡಿದೆ. ಒಳ್ಳೆಯ ಉಣ್ಣೆ, ನೀನೇ ಆರಿಸಿ ಕಪಾಟಿನಲ್ಲಿ ಇಟ್ಟಿದ್ದು. ಈ ಕಾಗದ ಓದಿದರೂ ಬರೆದವಳು ಯಾರೆಂದು ನಿನಗೆ ತಿಳಿಯದು. ಆದರೂ ಹೇಳದೆ ಇರಲಾಗುತ್ತಿಲ್ಲ.

ಬಣ್ಣ ಹಾಕುವುದನ್ನು ನನಗೆ ಕಲಿಸಿದವಳು ನೀನು. ಪಟಿಕದ ನೀರಿನಲ್ಲಿ ನೆನೆಸಿದ ಉಣ್ಣೆಯನ್ನು ಈರುಳ್ಳಿ ಸಿಪ್ಪೆ ಬೇಯಿಸಿದ ನೀರಿಗೆ ಇಳಿಸಿ, ಸಣ್ಣ ಉರಿಯಲ್ಲಿ ಕುದಿ ಬಾರದಂತೆ ಇಡಬೇಕು. ಒಲೆ ಆರಿಸಿದ ಮೇಲೆ ಪಾತ್ರೆ ತಾನಾಗಿ ತಣ್ಣಗಾಗುವವರೆಗೆ ಮುಟ್ಟಬಾರದು. ಅಷ್ಟು ತಾಳ್ಮೆ ನನಗೆಲ್ಲಿಂದ ಬರಬೇಕು? ಬಿಸಿ ಲಡಿಯನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದು ತಿಕ್ಕುತ್ತಿದ್ದೆ. ಅದು ಬಿಗಿದುಕೊಂಡು ಹಳೆಯ ಕಂಬಳಿಯ ಚೂರಿನಂತಾಗುತ್ತಿತ್ತು. "ಲೇ ಕತ್ತೆ, ನಿನ್ನ ಅವಸರಕ್ಕಿಷ್ಟು ಬೆಂಕಿ ಹಾಕ" ಎಂದು ನೀನು ಸೌಟು ಹಿಡಿದು ಮನೆಯೆಲ್ಲ ಅಟ್ಟಾಡಿಸುತ್ತಿದ್ದೆ. ಮದುವೆಯಾಗಿ ಮಕ್ಕಳಾದ ಮೇಲೂ ನಿನ್ನ ಬಾಯಲ್ಲಿ ನಾನು ಕತ್ತೆಯೇ.

ಮರೆವು ಹತ್ತಿದ ಮೇಲೆ ನಿನಗೆ ಮೊದಲು ಭಾವನ ಗುರುತು ತಪ್ಪಿತು, ಆಮೇಲೆ ನನ್ನದು. ಫೋಟೋ ತೋರಿಸಿದೆ, ಅಮ್ಮನ ಮಾತೆತ್ತಿದೆ, ನೀನು ಸುಮ್ಮನೆ ನಕ್ಕೆ. ಬಣ್ಣದ ಪಾತ್ರೆ ಕಂಡರೆ ಮಾತ್ರ ನಿನ್ನ ಕಣ್ಣು ಚುರುಕಾಗುತ್ತದೆ ಎಂದು ಭಾವ ಹೇಳಿದರು. ಅದಕ್ಕೇ ಈ ಹುಚ್ಚಾಟ. ನಿನ್ನನ್ನು ಎದುರಿಗೆ ಕೂರಿಸಿ, ಹಬೆಯಾಡುವ ಲಡಿಯನ್ನು ತಣ್ಣೀರಿಗೆ ಹಿಡಿದು ಚೆನ್ನಾಗಿ ತಿಕ್ಕಿದೆ. ಒಂದು ಬೈಗುಳ ಬಂದರೆ ಅದರ ಹಿಂದೆಯೇ ನಾನೂ ನೆನಪಾಗುತ್ತೇನೆ ಎಂದು ನಂಬಿದ್ದೆ.

ನೀನು ಎದ್ದು ಬಂದು, ನಲ್ಲಿ ನಿಲ್ಲಿಸಿ, ಗಂಟಾದ ಉಣ್ಣೆಯನ್ನು ಹಿಂಡಿ ನೋಡಿದೆ.

"ಬಿಸಿ ಉಣ್ಣೆಗೆ ತಣ್ಣೀರು ಸೋಕಿಸಬಾರದು. ಪರವಾಗಿಲ್ಲ ಬಿಡಿ, ಹೊಸಬರಿಗೆ ಹೀಗಾಗುತ್ತೆ. ನಿಮಗೆ ಯಾರೂ ಹೇಳಿಕೊಡಲಿಲ್ವಾ?"

"ನಮ್ಮಕ್ಕ ಹೇಳಿಕೊಟ್ಟಿದ್ಲು" ಎಂದೆ.

"ಹಾಗಾದ್ರೆ ಅವರನ್ನೇ ಕೇಳಿ ಮಾಡಬೇಕಿತ್ತು" ಎನ್ನುತ್ತಾ ನೀನು ಟವೆಲ್ ತಂದು ನನ್ನ ಒದ್ದೆ ಕೈಗಳನ್ನು ಒರೆಸಿದೆ. ಇಷ್ಟು ಮೆತ್ತಗೆ ನೀನು ನನ್ನನ್ನು ಎಂದೂ ಮುಟ್ಟಿದವಳಲ್ಲ. ಈ ಮರ್ಯಾದೆ ನನಗೆ ಬೇಡವಾಗಿತ್ತು ಅಕ್ಕಾ, ಅದನ್ನು ನುಂಗಿಕೊಳ್ಳಲು ನನ್ನಿಂದ ಆಗಲಿಲ್ಲ. ನಾನು ಅಳುವುದನ್ನು ಕಂಡು, ಉಣ್ಣೆ ಹಾಳಾಯಿತೆಂದೇ ಅಳುತ್ತಿದ್ದೇನೆ ಎಂದುಕೊಂಡೆ ನೀನು. ಕಪಾಟಿನಿಂದ ಇನ್ನೊಂದು ಲಡಿ ತಂದು ಕೈಗಿಟ್ಟೆ.

ಇನ್ನು ನಿನಗೆ ನೆನಪು ತರಿಸುವ ಹಟ ಮಾಡುವುದಿಲ್ಲ. ನಾಳೆಯಿಂದ ಬಾಗಿಲು ತಟ್ಟಿ, ನೀನು ‘ಬನ್ನಿ’ ಎಂದ ಮೇಲೆಯೇ ಒಳಗೆ ಬರುತ್ತೇನೆ. ಬೆಚ್ಚಗಿರು. ಯಾವ ಭಯವೂ ನಿನ್ನ ಹತ್ತಿರ ಸುಳಿಯದಿರಲಿ.

ನಿನ್ನ ತಂಗಿಯಾಗಿದ್ದವಳು