ತೆರೆದೇ ಇದ್ದ ಮೈಕು

ಶನಿವಾರ, ನವೆಂಬರ್ ೯. ಕುಹ್ಮೋ.

ಹಾಳಾದ ಕೇಬಲ್! ರೇಡಿಯೊವನ್ನು ಕಂಪ್ಯೂಟರ್‌ಗೆ ಜೋಡಿಸಲೆಂದು ಗೆಳೆಯ ಇಲ್ಮೋ ಬೆಸುಗೆ ಹಾಕಿ ಕೊಟ್ಟದ್ದು. ಮಧ್ಯಾಹ್ನ ಹವ್ಯಾಸಿ ರೇಡಿಯೊ ಸ್ಪರ್ಧೆ ಶುರುವಾಗುವ ಹೊತ್ತಿಗೇ ಕಂಪ್ಯೂಟರ್ ಕೈಕೊಟ್ಟಿತು. ಮೇಜಿನಡಿ ನುಸುಳಿ ತಂತಿ ಎಳೆದಾಡುತ್ತ, ಕಾಫಿ ತಂದ ಹೆಲ್ವಿಯ ಮುಂದೆ ಕೂಗಾಡಿದೆ: "ಹೆಂಡ್ತಿ ಸತ್ತ ಮೇಲೆ ಕುಡಿದೂ ಕುಡಿದೂ ಇಲ್ಮೋಗೆ ಕೈ ನಡುಗುತ್ತೆ ಕಣೇ! ಆ ಮುದುಕ ಇನ್ನು ಬೆಸುಗೆಗೆ ಕೈ ಹಾಕಬಾರದು!"

"ರೀ, ಆ ಕೆಂಪು ದೀಪ ಯಾಕೆ ಉರೀತಿದೆ?" ಎಂದಳು ಹೆಲ್ವಿ.

ರೇಡಿಯೊ ಪ್ರಸಾರದಲ್ಲೇ ನಿಂತಿತ್ತು. ಮೈಕು ತೆರೆದಿತ್ತು. ಆಂಪ್ಲಿಫೈಯರ್ ಕೂಡ ಆನ್. ಫಿನ್ಲೆಂಡಿನ ಅರ್ಧದಷ್ಟು ರೇಡಿಯೊ ಹವ್ಯಾಸಿಗಳಾದರೂ ಕೇಳಿಸಿಕೊಂಡಿರಬೇಕು.

ಕೇಬಲ್ಲಿನಲ್ಲಿ ಯಾವ ದೋಷವೂ ಇರಲಿಲ್ಲ. ನಿನ್ನೆ ಕಂಪ್ಯೂಟರಿನ ರೇಡಿಯೊ ಪ್ರೋಗ್ರಾಮಿನ ಸೆಟ್ಟಿಂಗಿನಲ್ಲಿ ನಾನೇ ಬೇಡದ ಕಡೆ ಗುರುತು ಹಾಕಿದ್ದೆ. ಪ್ರೋಗ್ರಾಮ್ ತೆರೆದ ಕೂಡಲೇ ರೇಡಿಯೊ ತಾನಾಗಿ ಪ್ರಸಾರಕ್ಕೆ ಹೋಗುತ್ತಿತ್ತು. ನಲವತ್ತು ವರ್ಷದ ಅನುಭವವಂತೆ. ಕತ್ತೆ ನಾನು, ಶುದ್ಧ ಕತ್ತೆ!

ಗುರುತು ತೆಗೆದೆ. ಕೆಂಪು ದೀಪ ಆರಿತು. ಸ್ಪೀಕರಿನಲ್ಲಿ ಮೊದಲು ಬಂದದ್ದು ಇಲ್ಮೋನ ದನಿ, ಎಂದಿನಂತೆ ಮೆಲ್ಲಗೆ, ಎಲ್ಲರಿಗೂ ಸಿಗ್ನಲ್ ವರದಿ ಕೊಡುವ ಹಾಗೆಯೇ:

"ಐದು ಒಂಬತ್ತು, ಓಯ್ವಾ. ತುಂಬಾ ಚೆನ್ನಾಗಿ ಕೇಳಿಸ್ತು ಕಣೋ. ಒಂದಕ್ಷರಾನೂ ತಪ್ಪಲಿಲ್ಲ."

ಮೈಕಿನ ಗುಂಡಿ ಒತ್ತಿ ಹಿಡಿದೆ. ಈ ಸಲ ಬೇಕೆಂದೇ, ಎಲ್ಲರೂ ಕೇಳಲೆಂದು: "ಕೇಬಲ್ ಸರಿಯಾಗೇ ಇದೆ, ಇಲ್ಮೋ. ತಪ್ಪು ನಂದೇ ಕಣೋ."