ಬೆಂಗಾವಲಿನ ಬೆನ್ನು

ಅಣ್ಣಾ ನಗರ, ಚೆನ್ನೈ
೯ ಫೆಬ್ರವರಿ ೨೦೨೫

ಪ್ರೀತಿಯ ಶ್ರೀಪ್ರಿಯಾ,

ಹೇಗಿದ್ದೀಯ? ಹೊಟ್ಟೆಯೊಳಗಿನ ಪುಟಾಣಿ ಒದೆಯುತ್ತಿದೆಯಾ? ನಿನ್ನ ಪ್ರಶ್ನೆಗೆ ಮೂರು ತಿಂಗಳು ತಡವಾಗಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ತೇಜುಗೆ ಹಲ್ಲು ಬರುತ್ತಿದೆ. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ, ಎದ್ದರಂತೂ ಕೇಳಲೇಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಈ ಮನೆಯಲ್ಲಿ ಫೋನಿನ ಮಾತೆಲ್ಲ ಅತ್ತೆಯ ಕಿವಿಗೆ ಬೀಳುತ್ತದೆ. ಅದಕ್ಕೇ ಕಾಗದ.

ಮೊದಲು ಉತ್ತರ: ಸಾಕು ಕಣೇ! ಆ ಪುಟ್ಟ ಹಡಗು ಸಾಕು. ನಿನ್ನ ಉದಯ್ ಈಗ ಮಂಗಳೂರಿನ ಮನೆಯಲ್ಲಿ ಕೂತು ನಿನ್ನ ಸಾರಿಗೆ ಉಪ್ಪು ಕಮ್ಮಿ ಅನ್ನುತ್ತಿದ್ದಾರಂತಲ್ಲ, ಇನ್ನೇನು ಪುರಾವೆ ಬೇಕು?

ಉದಯ್ ಎಂಜಿನಿಯರ್ ಆಗಿರುವ ಸರಕು ಹಡಗಿಗೆ ನನ್ನ ಗಂಡ ರವಿಯ ನೌಕಾಪಡೆ ಹಡಗೇ ಬೆಂಗಾವಲು ಎಂದು ತಿಳಿದ ದಿನ ನೀನು ಕೇಳಿದ್ದೆ: "ಪಾವನಾ, ನಿಜ ಹೇಳೇ, ಅಷ್ಟು ಸಣ್ಣ ಹಡಗಿನಲ್ಲಿ ಸಾಕಷ್ಟು ತೋಪು ಇದ್ಯಾ?" ನನಗೆ ಸಿಟ್ಟು ಬಂದಿತ್ತು. ನನ್ನ ನಿದ್ದೆ ತಿನ್ನುತ್ತಿದ್ದದ್ದೂ ಅದೇ ಪ್ರಶ್ನೆಯಲ್ಲವೇ! ಅತ್ತೆ ಬೋರಮ್ಮನವರಂತೂ ಎರಡೂ ಹಡಗಿನ ಫೋಟೋ ನೋಡಿ, "ಅಲ್ಲ ಕಣವ್ವಾ, ಲಾರಿ ಕಾಯಕ್ಕೆ ಸೈಕಲ್ ಕಳ್ಸವ್ರಾ?" ಅಂದುಬಿಟ್ಟರು.

ಹೊರಡುವ ಮುಂಚೆ ಮನೆಯವರನ್ನೆಲ್ಲ ಹಡಗು ನೋಡಲು ಕರೆದಿದ್ದರು. ತೇಜುವನ್ನು ಕಂಕುಳಲ್ಲಿ ಎತ್ತಿಕೊಂಡು ಮೂತಿಯಿಂದ ಬಾಲದವರೆಗೆ ನಡೆದೆ. ಮುಂದೆ ಒಂದು ದೊಡ್ಡ ತೋಪು, ಎರಡೂ ಪಕ್ಕಕ್ಕೆ ಸಣ್ಣವು. ತೋಪುಗಳ ಹೊಣೆ ರವಿಯದೇ, ಹೆಮ್ಮೆಯಿಂದ ವಿವರಿಸಿದರು: "ಬೆಂಗಾವಲಿನ ಕೆಲಸ ದೊಡ್ಡ ಹಡಗು ಮುಳುಗಿಸೋದಲ್ಲ ಕಣೇ. ಬರೋದೆಲ್ಲ ಸಣ್ಣಸಣ್ಣದು. ಡ್ರೋನು, ದೋಣಿ. ಬೇಗ ನೋಡ್ಬೇಕು, ಬೇಗ ಹೊಡೀಬೇಕು. ಅದಕ್ಕೆ ಇಷ್ಟು ಧಾರಾಳ."

ಹಿಂಬದಿಗೆ ಬಂದರೆ ಬಾವುಟದ ಕಂಬ. ಅಷ್ಟೇ.

"ರೀ, ಬೆಂಗಾವಲು ಅಂದ್ರೆ ಬೆನ್ನು ಕಾಯೋದು. ನಿಮ್ಮ ಬೆನ್ನಿಗೇನಿದೆ?"

"ಬಾವುಟ ಇದೆಯಲ್ಲ!"

"ಬೀಸಿ ಓಡಿಸ್ತೀರಾ?"

ಕನ್ನಡ ಎಂ.ಎ. ಓದಿದವಳನ್ನು ಕಟ್ಟಿಕೊಂಡರೆ ಇದೇ ಪಾಡು ಎಂದು ನಕ್ಕರು. ಊಟದ ಹೊತ್ತಿಗೆ ನಗು ನಿಂತಿತ್ತು. ಮರುದಿನ ಅದೇ ಮಾತನ್ನು ಕ್ಯಾಪ್ಟನ್ ಮುಂದೆ ಇಟ್ಟರಂತೆ. ಹಡಗು ಹೊರಡುವಷ್ಟರಲ್ಲಿ ಬಾವುಟದ ಪಕ್ಕ ಒಂದು ಭಾರಿ ಮೆಷಿನ್‌ಗನ್ ಕೂತಿತ್ತು. ನಾವಿಕರು ಅದಕ್ಕೆ "ಮೇಡಂ" ಎಂದು ಹೆಸರಿಟ್ಟರಂತೆ ಕಣೇ!

ಮುಂದಿನದು ನಿನಗೆ ಅರ್ಧ ಗೊತ್ತು. ಉದಯ್ ಎಂಜಿನ್ ಕೋಣೆಯಲ್ಲಿದ್ದರು, ಧಡ್ ಎಂದು ಒಂದು ಸದ್ದು ಕೇಳಿಸಿತು ಅಷ್ಟೇ ಎಂದಿದ್ದೆಯಲ್ಲ, ಆ ಸದ್ದಿನ ಕಥೆ ಇದು. ಸರಕು ಹಡಗಿನ ಹಿಂದೆ ರವಿಯ ಹಡಗು ಸಾಗುತ್ತಿತ್ತು. ಮುಂದಿನಿಂದ ಎರಡು ಡ್ರೋನ್ ಬಂದವು. ತೋಪುಗಳೆಲ್ಲ ಅತ್ತ ತಿರುಗಿ ಎರಡನ್ನೂ ಉದುರಿಸಿದವು. ಅದೇ ಹೊತ್ತಿಗೆ ಹಿಂದೆ, ಹಡಗು ಬಿಟ್ಟ ನೊರೆಯ ಜಾಡಿನಲ್ಲೇ, ಆಳಿಲ್ಲದ ದೋಣಿಯೊಂದು ನುಗ್ಗಿ ಬಂತು. ಅದರ ಹೊಟ್ಟೆ ತುಂಬ ಸಿಡಿಮದ್ದು. ರವಿ ಹಿಂಬದಿಗೆ ಓಡಿ ತಾವೇ "ಮೇಡಂ" ಹಿಡಿದರು. ಗುಂಡಿನ ಮಳೆಗೆ ದೋಣಿ ನೀರಿನಲ್ಲೇ ಛಿದ್ರವಾಯಿತು. ಉದಯ್ ಹಡಗಿಗೆ ಒಂದು ಗೀರೂ ಇಲ್ಲ! ಈಗ ಉಳಿದ ಸಣ್ಣ ಹಡಗುಗಳ ಹಿಂಬದಿಗೂ ಗನ್ ಕೂರಿಸುತ್ತಿದ್ದಾರಂತೆ. ಒಂದು ಪದ ಬಿಡಿಸಿ ಹೇಳಿ ಇಷ್ಟು ಗೆದ್ದ ಎಂ.ಎ. ಇನ್ನೊಬ್ಬಳಿದ್ದರೆ ತೋರಿಸು.

ಗುರುವಾರ ಕೆಳಗಿನಿಂದ ವಾಚ್‌ಮನ್ "ಅಮ್ಮಾ, ಸಾರ್ ವಂದುಟ್ಟಾರು!" ಎಂದು ರವಿ ಬಂದದ್ದನ್ನು ಕೂಗಿ ಹೇಳಿದ. ಅತ್ತೆ ಆರತಿ ಎತ್ತಿದರು, ಇಡೀ ಅಪಾರ್ಟ್‌ಮೆಂಟಿಗೆ ಮೈಸೂರುಪಾಕು ಹಂಚಿದರು, ತಮಗೆ ಬಾರದ ತಮಿಳಿನಲ್ಲಿ ಯುದ್ಧವನ್ನೆಲ್ಲ ವರ್ಣಿಸಿದರು. "ಸೈಕಲ್ಲೇ ಗೆಲ್ತು ಅಂತ ಬರಿ ನಿನ್ ಗೆಳತಿಗೆ" ಅನ್ನುತ್ತಿದ್ದಾರೆ. ಮಗನ ಮೇಲೆ ಮಾತ್ರ ಸಣ್ಣ ಮುನಿಸು: "ದೊಡ್ಡ ಮನ್ಸ ಆಗ್ಬುಟ್ಟ ಕಣವ್ವಾ. ಹೆತ್ತವ್ವ ಕೂಗುದ್ರೂ ತಿರುಗಿ ನೋಡಕಿಲ್ಲ."

ಹೆರಿಗೆ ಸುಸೂತ್ರವಾಗಲಿ. ಅಪ್ಪನ ತೋಳಲ್ಲೇ ನಿನ್ನ ಮಗು ಕಣ್ಣು ಬಿಡಲಿ. ಇಬ್ಬರಿಗೂ ನಮ್ಮೆಲ್ಲರ ಹಾರೈಕೆ.

ನಿನ್ನ
ಪಾವನಾ

ತಾ.ಕ.: ಆ ದೋಣಿ ಸಿಡಿದದ್ದು ತೀರ ಹತ್ತಿರದಲ್ಲಿ. ರವಿಯ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಉಳಿದದ್ದು ಸ್ವಲ್ಪ. ಇನ್ನು ಸಮುದ್ರಕ್ಕೆ ಕಳಿಸುವುದಿಲ್ಲವಂತೆ. ಅತ್ತೆಗೆ ಹೇಳಿಲ್ಲ, ಹಬ್ಬ ಮಾಡುತ್ತಿದ್ದಾರೆ, ಇನ್ನು ನಾಲ್ಕು ದಿನ ಮಾಡಲಿ. ಗನ್ ಅಲ್ಲಿಲ್ಲದಿದ್ದರೆ ರವಿ ಅಲ್ಲಿ ನಿಲ್ಲುತ್ತಿರಲಿಲ್ಲ, ಗನ್ ಇಡಿಸಿದವಳು ನಾನು. ಇಡಿಸದಿದ್ದರೆ ನಿನ್ನ ಉದಯ್? ಅದನ್ನೂ ಯೋಚಿಸುತ್ತೇನೆ, ಮತ್ತೆ ನಿದ್ದೆ ಬರುವುದಿಲ್ಲ. ತೇಜು "ಪ್ಪಾ, ಪ್ಪಾ" ಎನ್ನುತ್ತ ಅವರ ಹಿಂದೆಯೇ ಅಂಬೆಗಾಲಿಡುತ್ತಾಳೆ. ಅವರು ತಿರುಗುವುದಿಲ್ಲ. ಎತ್ತಿ ಎದುರಿಗೆ ಕೂರಿಸಿದರೆ ಅವಳ ತುಟಿ ನೋಡಿ ನಗುತ್ತಾರೆ. ನೀವು ಬಂದಾಗ ಉದಯ್‌ಗೆ ಹೇಳು, ಹಿಂದಿನಿಂದ ಕರೆಯಬಾರದು. ಎದುರಿಗೆ ಬಂದು ನಿಲ್ಲಲಿ.