ಹೊನ್ನಿಯ ಗಂಟೆ ಮತ್ತು ಎರಡು ತೂಕದ ಕಲ್ಲು

ಗದಗ,
ಫೆಬ್ರವರಿ 30, 2194

ಪರಮಪೂಜ್ಯ ಪೂರ್ವಜರ ಪಾದಾರವಿಂದಗಳಿಗೆ,

ನಿಮಗೀಗ ಹದಿನಾಲ್ಕೋ ಹದಿನೈದೋ ವರ್ಷ. ಗಲ್ಲದ ಮೇಲೆ ಮೊಡವೆ ಇದೆ, ಗಣಿತದಲ್ಲಿ ಹಿಂದಿದ್ದೀರಿ. ಆದರೆ ನನ್ನ ಲೆಕ್ಕಕ್ಕೆ ನೀವು ತೀರಿಕೊಂಡು ನೂರು ವರ್ಷದ ಮೇಲಾಯಿತು, ಆದ್ದರಿಂದ ಪೂಜ್ಯರು. ತಾರೀಖು ನೋಡಿ ಮೂಗು ಮುರಿಯಬೇಡಿ. ಬೇಸಿಗೆಯ ತಿಂಗಳುಗಳಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಹಚ್ಚಿದವರು ನಮ್ಮ ಅಜ್ಜಂದಿರು. ಹಾಗೆ ಮಾಡಿದರೆ ಬೇಸಿಗೆ ಗಿಡ್ಡವಾದೀತೆಂದು ಅವರು ನಂಬಿದ್ದರು. ಆಗಲಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕೆಲವು ಪದಗಳು ನಮಗೂ ಹಾಗೆಯೇ ಅನಿಸುತ್ತವೆ.

ಹತ್ತನೇ ತರಗತಿಯಲ್ಲಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದೇ ಒಂದು ಸಲ ಹಿಂದಂಚೆ ಸಿಗುತ್ತದೆ. ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ನಾಲ್ಕು ಪುಟ ಮೀರಬಾರದು, ಕೈಯಲ್ಲೇ ಬರೆಯಬೇಕು, ಕನ್ನಡ ಕಲಿಸುವ ಹಡಗಲಿ ಅಕ್ಕೋರು ಕಾಗುಣಿತ ತಿದ್ದಿದ ಮೇಲೆಯೇ ಕಳಿಸಬೇಕು. ಮುಕ್ಕಾಲು ಮಂದಿ ‘ದಯವಿಟ್ಟು ಗಿಡ ನೆಡಿ’ ಎಂದು ಬರೆಯುತ್ತಾರೆ. ಇದುವರೆಗೆ ಒಂದು ಕಾಗದಕ್ಕೂ ಉತ್ತರ ಬಂದಿಲ್ಲ. ನಮ್ಮೂರಿನ ಗಿಡಗಳ ಸ್ಥಿತಿ ನೋಡಿದರೆ ನೀವು ಓದಿದಂತೆಯೂ ಕಾಣುವುದಿಲ್ಲ.

ನನ್ನ ಹೆಸರು ಫಕೀರವ್ವ. ಶಾಲೆಯಲ್ಲಿ ನನಗೆ ಒಂದು ಕೀರ್ತಿಯಿದೆ. ಹೆಡ್‌ಮಾಸ್ತರರ ಕನ್ನಡಕದ ಗಾಜಿಗೆ ತೆಳ್ಳಗೆ ಹಳದಿ ಬಳಿದು, ಇಡೀ ಶಾಲೆಗೆ ಕಾಮಾಲೆ ಬಂದಿದೆಯೆಂದು ಅವರು ಎರಡು ದಿನ ರಜೆ ಕೊಡುವಂತೆ ಮಾಡಿದವಳು ನಾನು. ಪ್ರಾರ್ಥನೆಯ ಹೊತ್ತಿಗೆ ಸೊಳ್ಳೆಬತ್ತಿಯ ಜಾಹೀರಾತು ಮೊಳಗಿಸಿ, ಎಲ್ಲರೂ ಕೈಮುಗಿದು ನಿಲ್ಲುವಂತೆ ಮಾಡಿದವಳೂ ನಾನೇ. ಇಂಥ ಕೆಲಸ ಮಾಡುವಾಗ ಮುಖ ಗಂಭೀರವಾಗಿರಬೇಕು. ಆ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದದ್ದು. ಈ ಕಾಗದವನ್ನೂ ಅದೇ ಮುಖದಲ್ಲಿ ಬರೆಯುತ್ತಿದ್ದೇನೆ. ಆದರೆ ಇದರೊಳಗೆ ಹುಡುಗಾಟವಿಲ್ಲ. ಮಾಡಿದ ಹುಡುಗಾಟ ಒಂದಿದೆ, ಅದನ್ನು ಹೇಳುತ್ತೇನೆ.

ಮೊದಲು ನಮ್ಮ ದಿನ ಹೇಗಿದೆ ತಿಳಿಯಿರಿ. ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ಬಿಸಿಲಿಗೆ ಇಳಿಯುವಂತಿಲ್ಲ. ಮನೆಯಿಂದ ಶಾಲೆಗೆ, ಶಾಲೆಯಿಂದ ಪೇಟೆಗೆ ನೆರಳುದಾರಿಗಳಿವೆ: ತಲೆಯ ಮೇಲೆ ಬಿಳಿ ತಗಡು, ಕಾಲ ಕೆಳಗೆ ನೀರು ಹಾಕಿ ತಂಪು ಮಾಡಿದ ಕಲ್ಲು. ಓಡಿದರೆ ಜಾರುತ್ತದೆ. ಆಟವೆಲ್ಲ ನೆಲದಡಿಯ ಅಂಗಳದಲ್ಲಿ, ಅದೂ ವಾರಕ್ಕೆರಡು ಸಲ, ಸರದಿ ಬಂದರೆ. ಜೋಳ ಬಲೆಯ ಚಪ್ಪರದಡಿ ಬೆಳೆಯುತ್ತದೆ, ಮನೆಯಲ್ಲಿ ರೊಟ್ಟಿ ಉಂಟು, ಪುಂಡಿಪಲ್ಯ ಉಂಟು. ಬೆಟಗೇರಿಯ ಕಡೆ ಒಬ್ಬ ಇನ್ನೂ ಮಂಡಕ್ಕಿ ಗಿರ್ಮಿಟ್ ಕಲಸುತ್ತಾನೆ. ಶಾಲೆಯ ಮಧ್ಯಾಹ್ನಕ್ಕೆ ಮಾತ್ರ ಒಣತುತ್ತು: ಅಂಗೈಯಗಲದ ಬೂದು ಬಿಲ್ಲೆ, ಮೈಗೆ ಬೇಕಾದದ್ದೆಲ್ಲ ಇದರಲ್ಲಿದೆ ಎಂದು ಅದರ ಮೇಲೆಯೇ ಅಚ್ಚೊತ್ತಿರುತ್ತದೆ. ಅಚ್ಚು ಓದಲು ಚೆನ್ನಾಗಿದೆ. ಬಿಲ್ಲೆ ನೆನೆದ ರಟ್ಟಿನ ಹಾಗಿದೆ.

ನಿಮ್ಮ ಕಾಲದಲ್ಲಿ ದಾರಿಯಲ್ಲಿ ಸಿಕ್ಕವರು ‘ಊಟ ಆತೇನ್ರಿ?’ ಎಂದು ಕೇಳುತ್ತಿದ್ದರಂತೆ. ಹಳೆಯ ಧ್ವನಿಮುದ್ರಿಕೆಗಳಲ್ಲಿ ಕೇಳಿದ್ದೇನೆ. ನಾವು ಕೇಳುವುದು ‘ಇಳದ್ರೇನ್ರಿ?’ ಎಂದು. ಏನು ಇಳಿಯಬೇಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ತೂಕವೆಂದು ಎಲ್ಲರಿಗೂ ಗೊತ್ತು. ಹಾಲಿನವನು ಕೇಳುತ್ತಾನೆ, ಬೀಗರು ಕೇಳುತ್ತಾರೆ, ಸತ್ತವರ ಮಣ್ಣಿಗೆ ಬಂದವರೂ ಕೇಳುತ್ತಾರೆ. ಇದು ದುಷ್ಟರು ಮಾಡಿದ್ದಲ್ಲ. ಬಿಸಿಲು ಮಕ್ಕಳನ್ನು ಒಳಗೆ ಕೂಡಿಹಾಕಿದಾಗ, ಕೂತಲ್ಲೇ ಬಣ್ಣದ ಸಿಹಿನೀರು ಕುಡಿದು ನಮ್ಮ ಹಿಂದಿನವರ ಮೈ ಭಾರವಾಯಿತು. ಹತ್ತು ವರ್ಷದವರಿಗೆ ಸಕ್ಕರೆ ರೋಗ ಬಂತು. ಆಗ ಒಳ್ಳೆಯ ಮನಸ್ಸಿನ ಜನ ಕೂಡಿ ಪ್ರತಿ ಶಾಲೆಯ ಬಾಗಿಲಲ್ಲಿ ಒಂದು ತೂಕಗಟ್ಟೆ ಕಟ್ಟಿಸಿದರು, ನಾವು ಬರೀ ಗಟ್ಟೆ ಎನ್ನುತ್ತೇವೆ. ಪ್ರತಿ ಸೋಮವಾರ ಒಬ್ಬೊಬ್ಬರೇ ಅದನ್ನು ಹತ್ತಿ ಇಳಿಯಬೇಕು. ತೂಕ ಗೋಡೆಯ ಫಲಕದ ಮೇಲೆ ಎಲ್ಲರಿಗೂ ಕಾಣುತ್ತದೆ: ಹೋದ ವಾರಕ್ಕಿಂತ ಇಳಿದಿದ್ದರೆ ಹಸಿರು, ಏರಿದ್ದರೆ ಕೆಂಪು. ವಾರದಲ್ಲಿ ಎಲ್ಲರಿಗಿಂತ ಹೆಚ್ಚು ಇಳಿದವರಿಗೆ ಶಾಲೆಯ ಗಂಟೆ ಹೊಡೆಯುವ ಗೌರವ. ಹೇಗೆ ಇಳಿದೆ ಎಂದು ಕೇಳುವ ಪದ್ಧತಿಯಿಲ್ಲ. ಇಳಿಯುವುದು ಬೇಕಿತ್ತೇ ಎಂದೂ ಕೇಳುವುದಿಲ್ಲ.

ಹೊನ್ನವ್ವ ನನ್ನ ಗೆಳತಿ, ಗೋಡೆಯಾಚೆಯ ಮನೆಯವಳು. ಹೊನ್ನಿ ದಪ್ಪಗಿದ್ದಳು. ಬೈಗುಳವಾಗಿ ಬರೆಯುತ್ತಿಲ್ಲ, ಇದ್ದದ್ದನ್ನು ಬರೆಯುತ್ತಿದ್ದೇನೆ. ಮೆಟ್ಟಿಲು ಹತ್ತಿದರೆ ಏದುಸಿರು, ಮೊಣಕಾಲು ನೋವು. ತರಗತಿಯ ಹುಡುಗರು ಅವಳನ್ನು ಗೋಡೌನ್ ಎನ್ನುತ್ತಿದ್ದರು. “ಗೋಡೌನ್ ತುಂಬಿದ್ರನ ಊರು ಉಣ್ತದ, ನಿಂಗೇನ್ ತಿಳೀತದಲೇ” ಎಂದು ಅವಳು ತಿರುಗಿ ಕೊಡುತ್ತಿದ್ದಳು. ಆದರೆ ಒಂದನೇ ತರಗತಿಯಿಂದಲೂ ಅವಳಿಗೆ ಆ ಹಿತ್ತಾಳೆ ಗಂಟೆಯ ಆಸೆ. ಒಂದೇ ಒಂದು ವಾರ ಅದನ್ನು ಹೊಡೆಯಬೇಕು. ನನ್ನೊಬ್ಬಳಿಗೇ ಹೇಳಿದ್ದಳು.

ಹೋದ ವರ್ಷ ಅವಳ ಅವ್ವ ಅವಳನ್ನು ಮುರಿಗೆಮ್ಮ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದಳು. ನಾನೂ ಹಿಂದೆ ಹೋಗಿದ್ದೆ. ಡಾಕ್ಟರಬಾಯಿ ಹೊನ್ನಿಯ ಎತ್ತರ ಅಳೆದರು, ರಕ್ತ ನೋಡಿದರು, ಆಮೇಲೆ ಅವಳ ಕೈ ಹಿಡಿದುಕೊಂಡು ಹೇಳಿದರು: “ನೋಡವಾ ತಂಗಿ, ನೀ ಇನ್ನೂ ಬೆಳಿಯೂ ಹುಡುಗಿ. ಉಪಾಸ ಬಿದ್ರ ಕೊಬ್ಬಷ್ಟ ಹೋಗಂಗಿಲ್ಲ, ಎಲುಬಿನ ಗಟ್ಟಿ, ಮೈಯಾಗಿನ ರಕ್ತ ಎಲ್ಲಾ ಅದರ ಬೆನ್ನ ಹತ್ತಿ ಹೋಗ್ತಾವ. ಮೂರೂ ಹೊತ್ತು ಉಣ್ಣು. ರೊಟ್ಟಿ, ಬ್ಯಾಳಿ, ಕಾಯಿಪಲ್ಯ, ಮಸರು. ಆ ಸಿಹಿನೀರು ಬಿಡು, ನೀ ಒಬ್ಬಾಕಿ ಅಲ್ಲ, ಮನಿಮಂದಿ ಎಲ್ಲಾ ಬಿಡ್ರಿ. ದಿನಾ ಒಂದ್ ತಾಸು ಮೈ ಬೆವರಲಿ. ಕಣ್ತುಂಬ ನಿದ್ದಿ ಮಾಡು. ತಿಂಗಳಿಗೊಮ್ಮೆ ನನ್ನ ಕಡೆ ಬಾ, ಇಬ್ಬರೂ ಕೂಡಿ ನೋಡೂನು. ಆ ತೂಕಗಟ್ಟಿ ಏನರ ಹೇಳ್ಲಿ, ಕಿವಿಗೆ ಹಾಕ್ಕೋಬ್ಯಾಡ.”

ಹೊನ್ನಿ ಹಾಗೆಯೇ ಮಾಡಿದಳು. ಅವಳ ಅಪ್ಪ ಸಿಹಿನೀರಿನ ಡಬ್ಬಿಗಳನ್ನು ಬಚ್ಚಲಿಗೆ ಸುರಿದು ಅರ್ಧ ದಿನ ಶೋಕ ಆಚರಿಸಿದ. ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ನೆರಳುದಾರಿಯಲ್ಲಿ ನಡೆಯುತ್ತಿದ್ದೆವು. ನಾನು ಹೋಗುತ್ತಿದ್ದದ್ದು ಆಡಿಕೊಳ್ಳಲಿಕ್ಕೆ. ನಾಲ್ಕನೆಯ ತಿಂಗಳಿಗೆ ಅವಳ ನಡಿಗೆ ಎಷ್ಟು ಬಿರುಸಾಯಿತೆಂದರೆ ಆಡಿಕೊಳ್ಳಲು ನನಗೆ ಉಸಿರು ಸಾಲುತ್ತಿರಲಿಲ್ಲ. ಮೊಣಕಾಲಿನ ನೋವು ಹೋಯಿತು. ಮೂರು ಅಂತಸ್ತು ಹತ್ತಿ ಮೇಲೆ ನಿಂತು ನನ್ನನ್ನು ಕರೆದು ನಕ್ಕಳು. ಫಲಕದಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ಚೂರು ಹಸಿರು, ಅಷ್ಟೆ. ಗಂಟೆ ಬೇರೆಯವರ ಪಾಲಾಗುತ್ತಿತ್ತು. ಅವಳು ಗಟ್ಟಿ ಹುಡುಗಿ, ತಡೆದುಕೊಂಡಳು.

ಈಗ ನನ್ನ ಪ್ರತಾಪ. ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ನಿಮ್ಮ ಕಾಲದ ಎರಡು ವಸ್ತುಗಳಿವೆ: ಕಿರಾಣಿ ಅಂಗಡಿಯ ಕಬ್ಬಿಣದ ತೂಕದ ಕಲ್ಲು, ಒಂದೊಂದು ಕಿಲೋದವು. ಒಂದು ಭಾನುವಾರ ಮಧ್ಯಾಹ್ನ ಶಾಲೆಗೆ ಹೋಗಿ, ತೂಕಗಟ್ಟೆಯ ಹಲಗೆಗೇ ಕೆಳಗಿನಿಂದ ಜೋಡಿಸಿದ ಧೂಳಿನ ಖಾನೆಯಲ್ಲಿ ಎರಡನ್ನೂ ಇಟ್ಟು ಬಂದೆ. ಮೇಲೆ ಯಾರೂ ನಿಲ್ಲದಿದ್ದರೆ ಗಟ್ಟೆ ಏನನ್ನೂ ತೋರಿಸುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಸೋಮವಾರ ಫಲಕ ಮೇಲಿನಿಂದ ಕೆಳಗಿನ ತನಕ ಕೆಂಪಾಯಿತು. ಹೆಡ್‌ಮಾಸ್ತರರು ನಡುಗಿಬಿಟ್ಟರು. “ಏನ್ ತಿಂದ್ರಿ ಎಲ್ಲಾರೂ? ಹಬ್ಬ ಮಾಡಿದ್ರೇನು?” ಎಂದರು. ನಾನು ಕೈಕಟ್ಟಿ ನಿಂತು, “ಪಾಪದ ಭಾರ ಇರಬಹುದ್ರಿ ಸರ್” ಎಂದೆ. ಶಾಲೆಗೆ ಶಾಲೆಯೇ ನಕ್ಕಿತು.

ಹೊನ್ನಿ ನಗಲಿಲ್ಲ. ಫಲಕದ ಮುಂದೆ ಬಹಳ ಹೊತ್ತು ನಿಂತಿದ್ದಳು. ಮನೆಗೆ ಹೋಗುವಾಗ ಕೇಳಿದಳು: “ಫಕೀರಿ, ನಾ ಎಲ್ಲಿ ತಪ್ಪಿದೆ?”

ಪೂಜ್ಯರೇ, ಆಗ ನಾನು ಹೇಳಬಹುದಿತ್ತು. ಎರಡು ಮಾತು ಸಾಕಿತ್ತು. ಆದರೆ ಹೇಳಿದರೆ ತಮಾಷೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಮುಖ ಗಂಭೀರ ಮಾಡಿ, “ಕನಸಿನ್ಯಾಗ ಹೋಳಿಗಿ ತಿಂದಿರಬೇಕು, ನೆನಪು ಮಾಡ್ಕೋ” ಎಂದೆ.

ಗಟ್ಟೆ ತಪ್ಪು ಹೇಳೀತೆಂದು ಒಬ್ಬರಿಗೂ ಹೊಳೆಯಲಿಲ್ಲ. ನಮ್ಮ ಜನ ಹೆತ್ತ ತಾಯಿಯ ಮಾತನ್ನು ಅನುಮಾನಿಸಿಯಾರು, ಗಟ್ಟೆಯ ಮಾತನ್ನಲ್ಲ. ಹೆಡ್‌ಮಾಸ್ತರರು ಎಲ್ಲರ ಒಣತುತ್ತನ್ನು ಅರ್ಧ ಮಾಡಿಸಿದರು. ಕಲ್ಲು ತೆಗೆಯಲು ಹೋದರೆ ಸಿಕ್ಕಿಬೀಳುತ್ತೇನೆಂದು ನಾನು ಅವನ್ನು ಅಲ್ಲೇ ಬಿಟ್ಟೆ. ಲೆಕ್ಕ ಹೋದ ವಾರಕ್ಕೆ ಹೋಲಿಸಿ ನಡೆಯುವುದರಿಂದ, ಎರಡೂ ವಾರದ ತೂಕದಲ್ಲಿ ಕಲ್ಲು ಸೇರಿ, ಮುಂದಿನ ಸೋಮವಾರದಿಂದ ಫಲಕ ಮೊದಲಿನಂತೆಯೇ ಆಯಿತು. ತಮಾಷೆ ಸತ್ತಿತು, ನಾನು ಮರೆತೆ.

ಹೊನ್ನಿ ಮರೆಯಲಿಲ್ಲ. ನಾಲ್ಕು ತಿಂಗಳು ಉಂಡು ನಡೆದು ಮಲಗಿ ಮಾಡಿದ್ದೆಲ್ಲ ಸುಳ್ಳು, ಡಾಕ್ಟರಬಾಯಿ ಸುಳ್ಳು ಎಂದು ತೀರ್ಮಾನಿಸಿ ಊಟ ಬಿಟ್ಟಳು. ನಡೆಯಲು ಬರುವುದನ್ನು ಬಿಟ್ಟಳು, ಡಾಕ್ಟರಬಾಯಿಯ ಹತ್ತಿರ ಹೋಗುವುದನ್ನೂ ಬಿಟ್ಟಳು. ಅವಳ ಮಾತು ಕಡಿಮೆಯಾಯಿತು, ಬಿಸಿಲಿನ ಊರಲ್ಲಿ ಅವಳಿಗೆ ಚಳಿಯಾಗತೊಡಗಿತು, ಬಾಚಣಿಗೆಯ ತುಂಬ ಕೂದಲು. ಇದನ್ನೆಲ್ಲ ನಾವು ಕಂಡೆವು. ಕಂಡು ಹೊಗಳಿದೆವು. “ಇಳದಾಳ ನೋಡ್ರಿ ಹುಡುಗಿ” ಎಂದು ಓಣಿಯ ಹೆಂಗಸರು ಅವಳ ಅವ್ವನ ಕೈ ಕುಲುಕಿದರು. ಗೋಡೌನ್ ಎಂದವರು ಅವಳ ಪಕ್ಕ ಕೂರಲು ಜಾಗ ಹಿಡಿದರು. ಎರಡು ತಿಂಗಳಿಗೆ ಗಂಟೆ ಅವಳ ಕೈಗೆ ಬಂತು.

ಸೋಮವಾರ ಹೊಡೆದಳು, ಮಂಗಳವಾರ ಹೊಡೆದಳು, ಬುಧವಾರವೂ. ಗುರುವಾರ ಬೆಳಿಗ್ಗೆ ಹತ್ತು ಸಲ ಹೊಡೆಯಬೇಕಿತ್ತು. ನಾವು ತರಗತಿಯಲ್ಲಿ ಕುಳಿತು ಎಣಿಸುತ್ತಿದ್ದೆವು. ಎರಡಕ್ಕೆ ನಿಂತಿತು. ಯಾರೋ ನಕ್ಕರು. ನಾನೇ ಇರಬೇಕು. ಹೊನ್ನಿ ಗಂಟೆಯ ಕೆಳಗೆ ಬಿದ್ದಿದ್ದಳು.

ಹಸಿದ ಮೈ ಕೊಬ್ಬನ್ನಷ್ಟೇ ತಿಂದು ಸುಮ್ಮನಾಗುವುದಿಲ್ಲ, ಹೃದಯದ ಸ್ನಾಯುವನ್ನೂ ತಿನ್ನುತ್ತದೆ ಎಂದು ಮುರಿಗೆಮ್ಮ ಡಾಕ್ಟರಬಾಯಿ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ನಮಗೆ ಸಿಟ್ಟಿನಿಂದ ಹೇಳಿದರು. ಹೊನ್ನಿ ಬದುಕಿದ್ದಾಳೆ. ಆದರೆ ಮೂರು ಅಂತಸ್ತು ಹತ್ತಿ ನಕ್ಕವಳಿಗೆ ಈಗ ಹಾಸಿಗೆಯಿಂದ ಬಾಗಿಲ ತನಕ ಹೋಗಲು ಇಬ್ಬರು ಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಉಣ್ಣಲೇಬೇಕು ಎಂದು ಗೊತ್ತಿದ್ದರೂ ಅವಳಿಂದ ಆಗುತ್ತಿಲ್ಲ. ಊಟದ ತಾಟು ಬಂದರೆ ಗೋಡೆಗೆ ತಿರುಗುತ್ತಾಳೆ. ಮೂಗಿಗೆ ಹಾಕಿದ ನಳಿಗೆಯಲ್ಲಿ ಆಹಾರವನ್ನು ಹನಿಹನಿಯಾಗಿ ಇಳಿಸುತ್ತಾರೆ. ನಳಿಗೆ ಬಹಳ ದಿನ ನಡೆಯುವುದಿಲ್ಲ, ಅವಳಾಗಿಯೇ ಉಣ್ಣಬೇಕು, ಇಲ್ಲದಿದ್ದರೆ ಆ ಹೃದಯ ತಡೆಯಲಿಕ್ಕಿಲ್ಲ ಎಂದಿದ್ದಾರೆ.

ಮೂರನೆಯ ದಿನ ನಾನು ಕಲ್ಲುಗಳನ್ನು ಶಾಲೆಯ ಪಾಟೀಚೀಲದಲ್ಲಿ ಹಾಕಿಕೊಂಡು ಹೋಗಿ ಅವಳ ಹಾಸಿಗೆಯ ಮೇಲೆ ಇಟ್ಟು ಎಲ್ಲ ಹೇಳಿದೆ. ಅವಳು ಕಲ್ಲುಗಳನ್ನೇ ನೋಡಿದಳು.

“ಅಂದ್ರ ಅವತ್ತ ನಾ ಇಳಿದಿದ್ನೇನ?”

“ಇಳಿದಿದ್ದಿ. ಕಲ್ಲಿನ ಭಾರ ಕಳದ್ರ ಅರ್ಧ ಕಿಲೋ.”

“ಉಣಕೋತನ?”

“ಉಣಕೋತನ.”

ಅವಳು ಗೋಡೆಗೆ ತಿರುಗಿದಳು. ಆಮೇಲೆ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ.

ಹೆಡ್‌ಮಾಸ್ತರರಿಗೂ ಹೇಳಿದೆ. ಹತ್ತು ದಿನ ಶಾಲೆಯಿಂದ ಹೊರಗಿಟ್ಟರು, ಅದು ಸರಿಯೇ. ಮರುಸೋಮವಾರ ಗಟ್ಟೆಯ ಖಾನೆಗೆ ಬೀಗ ಹಾಕಿಸಿದರು. ಗಟ್ಟೆಯನ್ನು ತೆಗೆಯಲಿಲ್ಲ. ಗಂಟೆ ಈಗ ಎಂಟನೇ ತರಗತಿಯ ಒಬ್ಬಳ ಕೈಯಲ್ಲಿದೆ. ಅವಳ ಮಣಿಕಟ್ಟು ನೋಡಿದರೆ ನನಗೆ ಹೆದರಿಕೆಯಾಗುತ್ತದೆ.

ಹಾಗಾಗಿ ಗಿಡ ನೆಡಿರೆಂದು ನಾನು ಕೇಳುವುದಿಲ್ಲ, ನೆಟ್ಟರೆ ಸಂತೋಷ. ನಾನು ಕೇಳುವುದು ಬೇರೆ. ನಿಮ್ಮಲ್ಲಿ ಮೈಭಾರ ಇಳಿಸಬೇಕಾದವರು ಇರಬಹುದು. ಡಾಕ್ಟರಬಾಯಿ ಹೇಳಿದ್ದನ್ನು ಮೇಲೆ ಪೂರ್ತಿ ಬರೆದಿದ್ದೇನೆ, ಅದು ನಿಮ್ಮ ಕಾಲಕ್ಕೂ ಆಗುತ್ತದೆ. ನಿಧಾನವಾಗಿ ಇಳಿದರೆ ನಾಚಬೇಡಿ, ಬೆಳೆಯುವ ಮೈಗೆ ಅದರದೇ ಲೆಕ್ಕವಿದೆ. ಊಟ ಬಿಟ್ಟು ಇಳಿದವರನ್ನು ಹೊಗಳಬೇಡಿ. ನಿಮ್ಮ ಶಾಲೆಗೆ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ತೂಕದ ಯಂತ್ರ ತಂದು ಎಲ್ಲರೆದುರು ಇಟ್ಟರೆ, ಇದು ನನಗೂ ಡಾಕ್ಟರಿಗೂ ಸೇರಿದ ಮಾತು, ಗೋಡೆಗಲ್ಲ ಎಂದು ಹೇಳಿ. ನಮ್ಮ ಗಟ್ಟೆಗಳೆಲ್ಲ ಅಂಥ ಒಂದು ಯಂತ್ರದಿಂದಲೇ ಶುರುವಾದವು.

ಇನ್ನೊಂದು. ಇಪ್ಪತ್ತೆಂಟು ದಿನದಿಂದ ನಾನು ಮಧ್ಯಾಹ್ನ ಒಂದಕ್ಕೆ ಆಸ್ಪತ್ರೆಯಲ್ಲಿ ಹೊನ್ನಿಯ ಕೋಣೆಯ ಬಾಗಿಲಲ್ಲಿ ನಿಂತು, ನಿಮ್ಮ ಕಾಲದವರ ಹಾಗೆ ಕೇಳುತ್ತಿದ್ದೇನೆ: “ಹೊನ್ನಿ, ಊಟ ಆತೇನ?” ನರ್ಸುಗಳು ಮೊದಲು ನಕ್ಕರು, ಅವರಿಗೆ ಈ ಮಾತು ಹೊಸದು. ಹೊನ್ನಿ ಗೋಡೆ ನೋಡುತ್ತಿದ್ದಳು. ನಿನ್ನೆ ತಿರುಗಿದಳು.

“ನಿಂದು?” ಎಂದಳು.

ನನ್ನದೂ ಆಗಿರಲಿಲ್ಲ, ಆ ಬಾಗಿಲಿಗೆ ಉಂಡು ಹೋಗಲು ನನಗೆ ಆಗುವುದಿಲ್ಲ. ಇಲ್ಲವೆಂದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು, ಇದೂ ಹುಡುಗಾಟವೇ ಎಂದು ಅಳೆಯುವವಳ ಹಾಗೆ. ಆಮೇಲೆ, “ನಾಳೆ ಎರಡು ತಾಟು ತಗೊಂಡು ಬಾ. ಉಣ್ತೀನಿ ಅಂತ ಮಾತು ಕೊಡಂಗಿಲ್ಲ” ಎಂದಳು.

ಒಂದಾಗಲು ಕಾಲು ತಾಸಿದೆ. ಎರಡು ತಾಟು ಕಟ್ಟಿಟ್ಟಿದ್ದೇನೆ: ರೊಟ್ಟಿ, ಹೆಸರುಬೇಳೆ, ಮೊಸರು. ಇದನ್ನು ಹಡಗಲಿ ಅಕ್ಕೋರ ಮೇಜಿನ ಮೇಲಿಟ್ಟು ಹೊರಡುತ್ತೇನೆ. ಅವಳು ಉಂಡಳೋ ಇಲ್ಲವೋ ಎಂಬುದನ್ನು ತಿಳಿಸಲು ನನಗೆ ಇನ್ನೊಂದು ಹಿಂದಂಚೆ ಸಿಗುವುದಿಲ್ಲ. ಅದನ್ನು ತಿಳಿಯದೆಯೇ ನೀವು ಇರಬೇಕು. ನಾನೂ ಇನ್ನು ಹದಿನೈದು ನಿಮಿಷ ಹಾಗೆಯೇ ಇರಬೇಕು.

ಈ ಕಾಗದ ಮಡಚಿಟ್ಟು, ನಿಮ್ಮ ತರಗತಿಯಲ್ಲಿ ಈಚೆಗೆ ಮಾತು ಕಡಿಮೆ ಮಾಡಿದವರು ಯಾರಿದ್ದಾರೆ ನೋಡಿ. ಅವರ ಹತ್ತಿರ ಹೋಗಿ ಕೇಳಿ, ಉತ್ತರ ಬರುವ ತನಕ ಅಲ್ಲಿಂದ ಕದಲಬೇಡಿ. ನನಗೆ ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ನಿಮ್ಮನ್ನು ಕೇಳುತ್ತೇನೆ.

ಪೂಜ್ಯರೇ, ನಿಮ್ಮ ಊಟ ಆಯಿತೇ?

ನಿಮ್ಮ ಮರಿಮಕ್ಕಳ ಮರಿಮಗಳು,
ಫಕೀರವ್ವ
ಹತ್ತನೇ ತರಗತಿ